ಖಾಕಿ ಕಾಗದದ ಮೇಲಿನ ಕಬ್ಬಿನ ತೋಟ

ಕೋಟು ಬಿಚ್ಚಿ ಕೊಟ್ಟರೆ ಒಂದು ಟೋಕನ್ ಕೊಡುತ್ತಾರೆ. ದೊಡ್ಡ ದೇವಸ್ಥಾನಗಳಲ್ಲಿ ಚಪ್ಪಲಿ ಇಡುವ ಕಡೆ ಕೊಡುತ್ತಾರಲ್ಲ, ಅದೇ ತರ. ನಾನು ಕೊಟ್ಟದ್ದು ಅಳಿಯನ ಕೋಟು. ನನಗೆ ಎರಡು ಸೈಜ್ ದೊಡ್ಡದು. ಅದನ್ನು ಹಾಕಿಕೊಂಡರೆ ಯಕ್ಷಗಾನದ ಬಣ್ಣದ ವೇಷ ಕಟ್ಟಿದ ಹಾಗೆ ಆಗುತ್ತಿತ್ತು, ಎತ್ತಿದ ಕೈ ಇಳಿಸಲಿಕ್ಕೇ ಕಷ್ಟ. ಬಿಚ್ಚಿದ ಮೇಲೆ ಬದಿಯಡ್ಕದ ಮನುಷ್ಯ ವಾಪಸು ಬಂದ.

ಜನವರಿ ತಿಂಗಳು. ನ್ಯೂಯಾರ್ಕಿನ ಮೋಮಾ ಎಂಬ ಆಧುನಿಕ ಕಲೆಯ ಮ್ಯೂಸಿಯಂ. ಮಗಳ ಮನೆ ಜರ್ಸಿ ಸಿಟಿಯಲ್ಲಿ. ಅಲ್ಲಿಂದ ಪಾತ್ ರೈಲು ಹತ್ತಿದರೆ ಹಡ್ಸನ್ ನದಿಯ ಅಡಿಯಲ್ಲೇ ಹೋಗಿ 33ನೇ ಬೀದಿಯಲ್ಲಿ ಇಳಿಸುತ್ತದೆ. ಮ್ಯೂಸಿಯಂ ಇರುವುದು 53ನೇ ಬೀದಿಯಲ್ಲಿ. "ನಡೆಯುವಾ ಅಪ್ಪ, 20 ಬೀದಿ ಅಷ್ಟೇ" ಅಂದಳು ಮಗಳು. ಆ ಚಳಿಗೆ ಮೂಗು ನನ್ನದೇ ಹೌದಾ ಅಂತ ಎರಡು ಸಲ ಮುಟ್ಟಿ ನೋಡಿಕೊಂಡೆ. ಟಿಕೆಟ್ 30 ಡಾಲರ್. ಮೊಮ್ಮಗನಿಗೆ ಫ್ರೀ. ನಾನು ಮನಸ್ಸಿನಲ್ಲೇ ರೂಪಾಯಿಗೆ ತಿರುಗಿಸುವುದು ಅವಳಿಗೆ ಮುಖ ನೋಡಿದರೆ ಗೊತ್ತಾಗುತ್ತದೆ. "ಲೆಕ್ಕ ಹಾಕಬೇಡಿ" ಅಂದಳು. ಹಾಕಿ ಆಗಿತ್ತು. ಒಬ್ಬರಿಗೆ 2,500ಕ್ಕೂ ಜಾಸ್ತಿ.

ಹೊಸದಾಗಿ ಓದುವವರಿಗೆ: ನಾನು ಬದಿಯಡ್ಕ ಪೇಟೆಯಲ್ಲಿ ಬೋರ್ಡು ಬರೆಯುವವ. ಬರೆಯುತ್ತಿದ್ದವ ಅನ್ನಬೇಕು. 1981ರಿಂದ ಬಸ್ಸಿನ ಬೋರ್ಡು, ಅಂಗಡಿ ಬೋರ್ಡು, ಜಾತ್ರೆಯ ಬಟ್ಟೆ ಬ್ಯಾನರು, ಎಲೆಕ್ಷನ್ನಿನ ಗೋಡೆ, ಎಲ್ಲ ಬರೆದಿದ್ದೇನೆ. ಆಮೇಲೆ ಫ್ಲೆಕ್ಸ್ ಬಂತು. ಒಬ್ಬ ಅಂಗಡಿಯವರ ಬೋರ್ಡು ಅರ್ಧ ಬರೆದು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಅದರ ಮೇಲೇ ಫ್ಲೆಕ್ಸ್ ಹೊಡೆದಿದ್ದರು. ಔಟ್‌ಲೈನಿನ ದುಡ್ಡು ಮಾತ್ರ ಕೊಟ್ಟರು. ಇರಲಿ.

ಕ್ಯೂಬಾದ ಪೇಂಟರ್ ಒಬ್ಬರ ಎಕ್ಸಿಬಿಷನ್ ಉಂಟು ಅಂತ ಮಗಳು ಹೇಳಿದಾಗ ನನ್ನ ತಲೆಗೆ ಬಂದದ್ದು ಚೆ ಗುವೇರಾ. ಕ್ಯೂಬಾ ಅಂದರೆ ಕಾಸರಗೋಡಿನ ಬೋರ್ಡ್ ಬರೆಯುವವರಿಗೆ ಅದೇ. ಎಷ್ಟು ಗೋಡೆಗೆ ಆ ಮುಖ ಬರೆದಿದ್ದೇನೋ ಲೆಕ್ಕ ಇಲ್ಲ. ಕೊರ್ಡಾ ಎಂಬ ಕ್ಯೂಬಾದ ಫೋಟೋಗ್ರಾಫರ್ 1960ರಲ್ಲಿ ತೆಗೆದ ಫೋಟೋ ಅದು. ಕಪ್ಪು ಬಿಳಿ ಎರಡೇ ಬಣ್ಣದಲ್ಲಿ ಬರೆಯುವಾಗ ಅದರ ಗುಟ್ಟು ಗೊತ್ತಾಗುತ್ತದೆ. ಮೂಗಿನ ಒಂದು ಬದಿಗೆ ಗೆರೆಯೇ ಬೇಡ. ಬಿಳಿ ಬಿಟ್ಟುಬಿಟ್ಟರೆ ನೋಡುವವರ ಕಣ್ಣೇ ಅದನ್ನು ತುಂಬಿಸಿಕೊಳ್ಳುತ್ತದೆ. ಟೊಪ್ಪಿಯ ನಕ್ಷತ್ರ ಸ್ವಲ್ಪ ವಾಲಿದರೂ ಯಾರೂ ಕೇಳುವುದಿಲ್ಲ, ಹುಬ್ಬು ವಾಲಿದರೆ ಮಾತ್ರ ಪಾರ್ಟಿಯವರು ಬಂದು ಕೇಳುತ್ತಾರೆ.

ಈ ಪೇಂಟರ್ ಬೇರೆಯೇ. ಹೆಸರು ವಿಫ್ರೆಡೊ ಲಾಮ್. ಹುಟ್ಟಿದ್ದು 1902ರಲ್ಲಿ, ಸಾಗುವಾ ಲಾ ಗ್ರಾಂಡೆ ಎಂಬ ಊರಲ್ಲಿ, ಸುತ್ತಮುತ್ತ ಕಬ್ಬು ಬೆಳೆಯುವ ಸೀಮೆ. ಅಪ್ಪ ಚೀನಾದ ಕ್ಯಾಂಟನ್ ಕಡೆಯಿಂದ ಬಂದವ. ಊರಿನ ಚೀನಿಯರಿಗೆ ಕಾಗದ ಬರೆದುಕೊಡುತ್ತಿದ್ದನಂತೆ. ಅಮ್ಮನ ಕಡೆಯವರು ಆಫ್ರಿಕಾದಿಂದ ಗುಲಾಮರಾಗಿ ಬಂದವರು, ಸ್ಪೇನಿನ ರಕ್ತವೂ ಸೇರಿತ್ತು. ವಿಲ್ಫ್ರೆಡೊ ಅಂತ ಇರಬೇಕಾದ ಹೆಸರಿನಲ್ಲಿ ಯಾವುದೋ ಕಚೇರಿಯವರು ಒಂದು ಅಕ್ಷರ ಬಿಟ್ಟು ಬರೆದರು, ಅದೇ ಉಳಿಯಿತು ಅಂತ ಹೇಳುತ್ತಾರೆ. ಅದನ್ನು ಕೇಳಿ ಮನುಷ್ಯ ನನಗೆ ಹತ್ತಿರದವ ಅನ್ನಿಸಿದ. ನಮ್ಮ ಜಿಲ್ಲೆಯ ಹೆಸರನ್ನೇ ನಾನು ಒಂದೇ ಬೋರ್ಡಿನಲ್ಲಿ ಮೂರು ತರ ಬರೆದವ. ಕನ್ನಡದಲ್ಲಿ ಕಾಸರಗೋಡು. ಮಲಯಾಳದಲ್ಲಿ ಒಬ್ಬರಿಗೆ ಕಾಸರ್‌ಗೋಡ್, ಇನ್ನೊಬ್ಬರಿಗೆ ಕಾಸರ್‌ಕೋಡ್. ಒಂದು ಅಕ್ಷರಕ್ಕೆ ಇಲ್ಲಿ ಜಗಳವೇ ಆಗುತ್ತದೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ನಡೆಯುತ್ತಿರುವ ಜಗಳ ಅಲ್ವಾ. ನಾನು ಯಾರ ಪರವೂ ಅಲ್ಲ. ಅಕ್ಷರಕ್ಕೆ ಇಷ್ಟು ಅಂತ ದುಡ್ಡು ತೆಗೆದುಕೊಳ್ಳುತ್ತಿದ್ದೆ.

ಎಕ್ಸಿಬಿಷನ್ನಿಗೆ ಇಟ್ಟ ಹೆಸರು: ನಿದ್ದೆ ಮಾಡದಿರುವಾಗ ನಾನು ಕನಸು ಕಾಣುತ್ತೇನೆ. 130ಕ್ಕೂ ಹೆಚ್ಚು ಕೆಲಸಗಳನ್ನು ಒಟ್ಟು ಮಾಡಿದ್ದರು. 2025ರ ನವೆಂಬರಿನಲ್ಲಿ ಶುರುವಾದದ್ದು, 2026ರ ಏಪ್ರಿಲ್ ತನಕ ಅಂತ ಇಟ್ಟದ್ದು.

ಮೊದಲ ಕೋಣೆಗಳಲ್ಲಿ ಆತನ ಸ್ಪೇನಿನ ಕಾಲದ ಚಿತ್ರಗಳು. 1923ರಲ್ಲಿ ಕಲಿಯಲಿಕ್ಕೆ ಹೋದವ ಅಲ್ಲೇ ಮದುವೆಯಾದ. 1931ರಲ್ಲಿ ಹೆಂಡತಿಯೂ ಸಣ್ಣ ಮಗುವೂ ಕ್ಷಯದಿಂದ ತೀರಿಹೋದರು. ಆಮೇಲೆ ಅಂತರ್ಯುದ್ಧ. ಆತ ಸರಕಾರದ ಪರದ ರಿಪಬ್ಲಿಕನ್ನರ ಕಡೆ ನಿಂತು ಪೋಸ್ಟರ್ ಬರೆದ, ಮದ್ದುಗುಂಡಿನ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿ ಆರೋಗ್ಯ ಕೆಡಿಸಿಕೊಂಡ. 1937ರಲ್ಲಿ ಬರೆದ ಯುದ್ಧದ ದೊಡ್ಡ ಚಿತ್ರ ಒಂದು ಇತ್ತು. ಒಬ್ಬರ ಮೇಲೆ ಒಬ್ಬರು ಬಿದ್ದ ಜನ, ಕಿರುಚುವ ಬಾಯಿ, ಎತ್ತಿದ ಕೈ. ಒಳ್ಳೆಯದೇ. ಆದರೆ ನನಗೆ ಅದು ಪೋಸ್ಟರ್ ಬರೆಯುವವನ ಕೆಲಸದ ಹಾಗೆ ಕಂಡಿತು. ಹೇಳಬೇಕಾದ್ದನ್ನೆಲ್ಲ ದೂರದಿಂದಲೇ ಹೇಳಿಬಿಡುತ್ತದೆ. ನಾನೂ ಜೀವಮಾನವಿಡೀ ಅದನ್ನೇ ಮಾಡಿದವ, ಹಾಗಾಗಿ ಹೇಳುವ ಹಕ್ಕು ಉಂಟು.

1938ರಲ್ಲಿ ಪ್ಯಾರಿಸಿಗೆ ಹೋಗಿ ಪಿಕಾಸೋನ ಸ್ನೇಹ ಮಾಡಿದ. ಅಲ್ಲಿಂದ ಮುಂದೆ ಚಿತ್ರದ ಮುಖಗಳೆಲ್ಲ ಮೊಗದ, ಅಂದರೆ ಮುಖವಾಡದ, ಹಾಗೆ ಆಗುತ್ತವೆ. ಉದ್ದ ಮೂಗು, ಬಾದಾಮಿಯಂಥ ಕಣ್ಣು. ಅಲ್ಲಿ ನಿಂತವರೊಬ್ಬರು ಇನ್ನೊಬ್ಬರಿಗೆ "ಪಿಕಾಸೋ, ಪಿಕಾಸೋ" ಅಂತ ವಿವರಿಸುತ್ತಿದ್ದರು. ನನಗೆ ಸ್ವಲ್ಪ ಸಿಟ್ಟು ಬಂತು. ಲಾಮ್‌ನಿಗೆ ಮಾಂಟೊನಿಕಾ ವಿಲ್ಸನ್ ಎಂಬ ಸಾಕುತಾಯಿಯಂಥ ಒಬ್ಬಳು ಇದ್ದಳು. ಆಫ್ರಿಕಾದಿಂದ ಬಂದ ದೈವಗಳನ್ನು ನಂಬಿದವರ ಪೂಜಾರಿಣಿ, ಊರಿಗೆಲ್ಲ ಮದ್ದು ಕೊಡುತ್ತಿದ್ದವಳು. ಆ ಮನೆಯಲ್ಲಿ ಓಡಾಡಿ ಬೆಳೆದ ಹುಡುಗನಿಗೆ ದೈವ ಅಂದರೆ ಏನು ಅಂತ ಪ್ಯಾರಿಸಿನಲ್ಲಿ ಹೇಳಿಕೊಡಬೇಕಾ? ಕಂಗಿನ ಹಾಳೆಯ ಮೊಗ ಕಟ್ಟಿ ಗುಳಿಗನ್ ದೈವ ಬರುವಾಗ ಅಮ್ಮನ ಸೆರಗಿನ ಹಿಂದೆ ನಿಂತು ನೋಡಿದ ನಮ್ಮ ಕಡೆಯ ಮಕ್ಕಳಿಗೆ ಯಾರಾದರೂ ಪುಸ್ತಕ ತೆರೆದು ಮೊಗ ತೋರಿಸಿದ ಹಾಗೆ ಆಯಿತು. ಪ್ಯಾರಿಸಿನಲ್ಲಿ ಆತನಿಗೆ ಧೈರ್ಯ ಸಿಕ್ಕಿರಬಹುದು. ಅದೂ ಸಣ್ಣದಲ್ಲ.

1941ರಲ್ಲಿ ಹಿಟ್ಲರನ ಕಾಟ ತಪ್ಪಿಸಿಕೊಂಡು ಮಾರ್ಸೇಯಿಂದ ಹಡಗು ಹತ್ತಿದ. ಅದೇ ಹಡಗಿನಲ್ಲಿ ಕವಿ ಬ್ರೆತೋನ್, ಪಂಡಿತ ಲೆವಿ ಸ್ಟ್ರಾಸ್ ಕೂಡ ಇದ್ದರು. ಮಾರ್ಟಿನಿಕ್ ದ್ವೀಪ ಸುತ್ತಿ ಕ್ಯೂಬಾ ತಲುಪಿದ. 18 ವರ್ಷ ಬಿಟ್ಟು ಊರು. ಗಲ್ಫಿನಿಂದ ವರ್ಷಗಟ್ಟಲೆ ಬಿಟ್ಟು ಬರುವ ನಮ್ಮವರನ್ನು ನೋಡಿದ್ದೇನೆ. ಬಂದ ಮೊದಲ ವಾರ ಎಲ್ಲ ಚಂದ ಅನ್ನುತ್ತಾರೆ. ಆಮೇಲೆ ಒಂದು ದಿನ ಪೇಟೆಗೆ ಹೋಗಿ ಬಂದು ಸುಮ್ಮನೆ ಜಗಲಿಯಲ್ಲಿ ಕೂರುತ್ತಾರೆ. ಲಾಮ್ ಕಂಡದ್ದು ಪ್ರವಾಸಿಗರಿಗೆ ಕುಣಿಯುವ ಹವಾನಾ. ಗುಲಾಮಗಿರಿ 1886ಕ್ಕೇ ಮುಗಿದಿತ್ತು, ಆದರೆ ಕರಿಯರ ಪಾಡು ಹಾಗೇ ಇತ್ತು.

ಅಲ್ಲಿ ಕೂತು ಬರೆದದ್ದು ಕಾಡು ಎಂಬ ಚಿತ್ರ. ಸ್ಪ್ಯಾನಿಷ್‌ನಲ್ಲಿ ಲಾ ಹುಂಗ್ಲಾ, ಇಂಗ್ಲಿಷಿನಲ್ಲಿ ಜಂಗಲ್. 1942-43. ಎತ್ತರ ಅಗಲ ಎರಡೂ ಹತ್ತಿರ ಹತ್ತಿರ 8 ಅಡಿ.

ನಾನು ಮೊದಲು ನೋಡಿದ್ದು ಚಿತ್ರವನ್ನಲ್ಲ, ಕಾಗದವನ್ನು. ಇದು ಕ್ಯಾನ್ವಾಸ್ ಅಲ್ಲ ಅಂತ ಕೂಡಲೇ ಗೊತ್ತಾಯಿತು. ಸಾಮಾನು ಕಟ್ಟುವ ಖಾಕಿ ಕಾಗದ. ಯುದ್ಧದ ಸಮಯ, ಕೈಯಲ್ಲಿ ದುಡ್ಡಿಲ್ಲ, ಕ್ಯಾನ್ವಾಸ್ ತುಟ್ಟಿ. ಎರಡು ಹಾಳೆ ಜೋಡಿಸಿ ಬರೆದದ್ದನ್ನು ಕ್ಯಾನ್ವಾಸಿಗೆ ಅಂಟಿಸಿದ್ದು. ಬಣ್ಣ ಎಷ್ಟು ತೆಳ್ಳಗೆ ಅಂದರೆ ಕೆಲವು ಕಡೆ ಕಾಗದದ ಬಣ್ಣವೇ ಮೈಯ ಬಣ್ಣವಾಗಿ ನಿಂತಿದೆ. ನಾನೂ ಕಿಸೆ ನೋಡಿಕೊಂಡು ಬಣ್ಣ ಕಲಸಿದವ. ಡಬ್ಬಿಯಲ್ಲಿ ಪೇಂಟು ತಳ ಕಂಡಾಗ ಟರ್ಪೆಂಟೈನ್ ಸುರಿದು ಎಳೆಯುತ್ತೇವಲ್ಲ, ಆಗ ಬ್ರಶ್ಶಿನ ಕೂದಲು ಕೂದಲಿನ ಗೆರೆ ಕಾಣುತ್ತದೆ. ನಾವು ಅದನ್ನು ಎರಡನೇ ಕೋಟು ಕೊಟ್ಟು ಮುಚ್ಚುತ್ತಿದ್ದೆವು. ಈತ ಮುಚ್ಚಲಿಲ್ಲ. ಇದ್ದಿಲಿನ ಗೆರೆ, ಬಣ್ಣ ಇಳಿದ ಗುರುತು, ಎಲ್ಲ ಹಾಗೇ ಬಿಟ್ಟಿದ್ದಾನೆ. ಹತ್ತಿರ ಹೋಗಿ ಒಂದು ಇಳಿದ ಬಣ್ಣದ ತುದಿ ಹುಡುಕುತ್ತಿದ್ದೆ. ಕಾವಲಿನವರು ಬಂದು ಮೆಲ್ಲಗೆ ಹಿಂದೆ ನಿಲ್ಲಿ ಅಂದರು. ನನ್ನ ಬೆರಳು ನನಗೆ ಗೊತ್ತಿಲ್ಲದೆ ಎದ್ದಿತ್ತು. ಒಣಗಿದೆಯಾ ಅಂತ ನೋಡುವುದು 40 ವರ್ಷದ ಅಭ್ಯಾಸ, ಏನು ಮಾಡುವುದು. 80 ವರ್ಷದ ಹಿಂದಿನ ಬಣ್ಣ ಒಣಗಿರುತ್ತದೆ ಅಂತ ಬೆರಳಿಗೆ ಗೊತ್ತಿಲ್ಲ.

ಹಿಂದೆ ಬಂದ ಮೇಲೆ ಚಿತ್ರ ಕಂಡಿತು. ಉದ್ದುದ್ದ ಗಂಟು ಗಂಟಾದ ಕೋಲುಗಳು, ನೀಲಿ, ಹಸಿರು, ಹಳದಿ. ಅವುಗಳ ನಡುವೆ ನಾಲ್ಕು ಆಕೃತಿ. ಮುಖ ಬಿದಿಗೆ ಚಂದ್ರನ ಹಾಗೆ ಬಾಗಿದೆ. ಎದೆಯಲ್ಲಿ ಪಪ್ಪಾಯಿ ನೇತಾಡಿದ ಹಾಗೆ. ಕಾಲು ಎಲ್ಲಿ ಮುಗಿಯಿತು, ಗಿಡ ಎಲ್ಲಿ ಶುರು ಅಂತ ಹೇಳಲಿಕ್ಕೆ ಆಗುವುದಿಲ್ಲ. ಪಾದ ಮಾತ್ರ ಸ್ಪಷ್ಟ. ದೊಡ್ಡ ದೊಡ್ಡ ಪಾದ. ನಮ್ಮಲ್ಲಿ ಹಳೇ ಕಾಲದಿಂದ ಅಡಿಕೆ ಮರ ಹತ್ತುವವರ ಪಾದ ನೋಡಿದ್ದೀರಾ? ಬೆರಳು ಅಗಲಕ್ಕೆ ಹರಡಿ ನೆಲವನ್ನೇ ಹಿಡಿದುಕೊಂಡಿರುತ್ತದೆ. ಅಂಥ ಪಾದ.

ಮೇಲೆ ಬಲಗಡೆ ಒಂದು ಕೈಯಲ್ಲಿ ಕತ್ತರಿ. ಅದನ್ನು ಮೊದಲು ಕಂಡದ್ದು ಮೊಮ್ಮಗ.

"ಅಜ್ಜ, ಶುಗರ್‌ಕೇನ್ ಕತ್ತರಿಯಲ್ಲಿ ಕಟ್ ಮಾಡುತ್ತಾರಾ?"

ಇಲ್ಲ ಅಂದೆ. ಕತ್ತಿಯಲ್ಲೇ ಕಡಿಯುವುದು.

"ಮತ್ತೆ ಯಾಕೆ?"

ನನಗೂ ಗೊತ್ತಾಗಲಿಲ್ಲ. ಕತ್ತಿ ಹಿಡಿದವ ಕೂಲಿಯವ. ಕತ್ತರಿ ಹಿಡಿದವ ಯಾರು? ಅಲ್ಲೇ ನಿಂತು ಯೋಚಿಸಿದೆ, ಈಗಲೂ ಯೋಚಿಸುತ್ತಿದ್ದೇನೆ.

ಕಬ್ಬು ಅಂದೆನಲ್ಲ. ವಿಷಯ ಇರುವುದೇ ಅಲ್ಲಿ. ಹೆಸರು ಕಾಡು, ಆದರೆ ಅದು ಕಾಡಲ್ಲ. ಕ್ಯೂಬಾದಲ್ಲಿ ಜಂಗಲ್ ಅಂತ ಇಲ್ಲವೇ ಇಲ್ಲ, ಚಿತ್ರದ ಹಿಂದೆ ಇರುವುದು ಕಬ್ಬಿನ ತೋಟ ಅಂತ ಲಾಮ್ ತಾನೇ ಹೇಳಿದ್ದಾನೆ. ಅವರಲ್ಲಿ ಮೊಂತೆ ಅಂತ ಒಂದು ಶಬ್ದ ಉಂಟು. ಗುಡ್ಡವೂ ಹೌದು, ಕಾಡೂ ಹೌದು, ದೈವಗಳು ಇರುವ ಜಾಗವೂ ಹೌದು, ಮದ್ದಿನ ಬೇರು ಸಿಗುವುದೂ ಅಲ್ಲೇ. ನಮ್ಮ ಕಡೆ ಇದಕ್ಕೆಲ್ಲ ಬೇರೆ ಬೇರೆ ಶಬ್ದ. ಗುಡ್ಡೆ ಬೇರೆ, ದೈವದ ಬನ ಬೇರೆ, ಕಾಡು ಬೇರೆ, ತೋಟ ಬೇರೆ. ಬನದಲ್ಲಿ ಒಂದು ಕಡ್ಡಿ ಮುರಿಯುವ ಹಾಗಿಲ್ಲ. ತೋಟದಲ್ಲಿ ಒಂದು ಕಡ್ಡಿಯೂ ಲೆಕ್ಕ ತಪ್ಪುವ ಹಾಗಿಲ್ಲ. ಎರಡೂ ಹಸಿರೇ, ದೂರದಿಂದ ಬಂದವರಿಗೆ ಎರಡೂ ಒಂದೇ. ಲಾಮ್ ಮಾಡಿದ್ದು ಏನು ಗೊತ್ತಾ? ತೋಟದ ಒಳಗೆ ಬನದವರನ್ನು ತಂದು ನಿಲ್ಲಿಸಿದ್ದು. ಸಾಲು ಸಾಲು ಕಬ್ಬಿನ ಮಧ್ಯದಿಂದ ದೈವಗಳು ಮುಖ ಹೊರಗೆ ಹಾಕಿ ನಮ್ಮನ್ನು ನೋಡುತ್ತವೆ. ನೀವು ಯಾರು, ಇಲ್ಲಿಗೆ ಯಾಕೆ ಬಂದದ್ದು ಅಂತ.

ನನಗೆ ನಮ್ಮ ಗೇರು ತೋಟಗಳ ನೆನಪಾಯಿತು. ಅವೂ ರಸ್ತೆಯಿಂದ ನೋಡಿದರೆ ಕಾಡೇ. ಗುಡ್ಡೆಯಿಂದ ಗುಡ್ಡೆಗೆ ಹಸಿರು. ಅದರ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ವಿಷ ಬಿಟ್ಟರು. 2000ದ ಕೊನೆಗೆ ಅದು ನಿಂತಿತು. ಎಣ್ಮಕಜೆಯ ಪಡ್ರೆ ಕಡೆ ಒಂದೊಂದು ಮನೆಯಲ್ಲಿ ಏನಾಗಿದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. 2010ರ ಸುಮಾರಿಗೆ ಅದರ ವಿರುದ್ಧದ ಒಂದು ಮೆರವಣಿಗೆಗೆ ನಾನು ಬೋರ್ಡು ಬರೆದುಕೊಟ್ಟಿದ್ದೆ. ದುಡ್ಡು ತೆಗೆದುಕೊಳ್ಳಲಿಲ್ಲ. ಅದಕ್ಕೇ ಏನೋ, ಉತ್ಸಾಹ ಜಾಸ್ತಿಯಾಗಿ ಪ್ರತಿ ಅಕ್ಷರದ ಬುಡದಿಂದ ಕೆಂಪು ಬಣ್ಣ ಇಳಿದ ಹಾಗೆ ಮಾಡಿದ್ದೆ. ರಕ್ತ ಸುರಿದ ಹಾಗೆ. ಚಂದ ಬಂದಿತ್ತು, ನಾನೇ ಎರಡು ಸಲ ಹಿಂದೆ ನಿಂತು ನೋಡಿದ್ದೆ. ಬೋರ್ಡು ಹಿಡಿಯಲಿಕ್ಕೆ ಬಂದ ಒಬ್ಬಳು ತಾಯಿ, ಸೊಂಟದಲ್ಲಿ 12 ವರ್ಷದ ಮಗ, ನಡೆಯಲಿಕ್ಕೆ ಆಗದವ. ಅವಳು ಬೋರ್ಡು ನೋಡಿದಳು, ಮಗನ ಮುಖವನ್ನು ಆಚೆ ತಿರುಗಿಸಿದಳು.

"ಮಾಸ್ಟ್ರೇ, ಕೆಂಪು ತೆಗೆಯಬಹುದಾ? ಇವನು ನೋಡುತ್ತಾನೆ."

ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದೆ. ಎನಾಮೆಲ್ ಪೂರ್ತಿ ಹೋಗುವುದಿಲ್ಲ, ಅಕ್ಷರದ ಸುತ್ತ ಗುಲಾಬಿ ಕಲೆ ಉಳಿಯಿತು. ಹಾಗೇ ಹಿಡಿದುಕೊಂಡು ಹೋದರು. ಮರುವರ್ಷ, 2011ರಲ್ಲಿ, ಸುಪ್ರೀಂ ಕೋರ್ಟು ಇಡೀ ದೇಶದಲ್ಲೇ ಆ ಔಷಧಿ ತಡೆಯಿತು. ಅದು ನನ್ನ ಬೋರ್ಡಿನಿಂದ ಅಲ್ಲ, ಬಿಡಿ.

ಲಾಮ್‌ನ ಕಬ್ಬಿನ ತೋಟದಲ್ಲಿ ನಾನು ಒಂದು ಹನಿ ರಕ್ತ ಹುಡುಕಿದೆ. ಇಲ್ಲ. ಚಾಟಿ ಇಲ್ಲ, ಸರಪಳಿ ಇಲ್ಲ, ಅಳುವ ಬಾಯಿ ಒಂದೂ ಇಲ್ಲ. ಆರು ವರ್ಷ ಹಿಂದೆ ಸ್ಪೇನಿನ ಚಿತ್ರದಲ್ಲಿ ಎಲ್ಲರೂ ಕಿರುಚುತ್ತಿದ್ದರಲ್ಲ, ಅದೇ ಕೈ ಇದನ್ನೂ ಬರೆದದ್ದು. ಇಲ್ಲಿ ಎಲ್ಲರೂ ಸುಮ್ನೆ ನಿಂತಿದ್ದಾರೆ. ಮಗಳು ಎರಡು ಸಲ ಮುಂದಿನ ಕೋಣೆಗೆ ಹೋಗಿ ಬಂದಳು. "ಅಪ್ಪ, ಕಾಲು ನೋಯುತ್ತಾ?" ಅಂತ ಕೇಳಿದಳು. ಹೌದು ಅಂದೆ. ಅದು ಸುಲಭದ ಉತ್ತರ.

ಮುಂದೆ ಕುದುರೆ ಮುಖದ ಹೆಂಗಸರು ಬಹಳ ಸಲ ಬರುತ್ತಾರೆ. ಅಲ್ಲಿಯ ನಂಬಿಕೆಯಲ್ಲಿ ದೈವ ಯಾರ ಮೈಮೇಲೆ ಬರುತ್ತದೋ ಅವರನ್ನು ಕುದುರೆ ಅನ್ನುತ್ತಾರಂತೆ. ದೈವ ಬಂದು ಏರಿ ಕೂರುತ್ತದೆ. ಎಷ್ಟು ಸರಿಯಾದ ಮಾತು! ನಮ್ಮಲ್ಲಿ ಕೋಲದ ಮರುದಿನ ಬೆಳಿಗ್ಗೆ ದೈವ ಕಟ್ಟಿದವರನ್ನು ನೋಡಿದರೆ ಗೊತ್ತಾಗುತ್ತದೆ, ರಾತ್ರಿಯಿಡೀ ಯಾರೋ ಓಡಿಸಿದ ಕುದುರೆಯ ಹಾಗೇ ಮಲಗಿರುತ್ತಾರೆ. ಮಗಳಿಗೆ ಇದನ್ನು ಹೇಳಿದೆ. ಅವಳು ಮಗನಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಅವನು ಒಂದು ಕ್ಷಣ ಆಲೋಚಿಸಿ, "ಕುದುರೆಗೆ ಗೊತ್ತಾಗುತ್ತಾ, ಯಾರು ಕೂತದ್ದು ಅಂತ?" ಅಂದ. ಒಂಬತ್ತು ವರ್ಷ. ಕನ್ನಡ ಅಷ್ಟಕ್ಕಷ್ಟೇ, ತಲೆ ಚುರುಕು.

1949ರ ಒಂದು ಚಿತ್ರ ಸುಮಾರು 14 ಅಡಿ ಅಗಲ. ಅದೂ ಕಾಗದವೇ. ಬಣ್ಣ ಬಹಳ ಕಮ್ಮಿ, ಗೆರೆಯೇ ಜಾಸ್ತಿ. ಔಟ್‌ಲೈನ್ ಎಳೆದು ಫಿಲ್ಲಿಂಗ್ ಬಿಟ್ಟು ಹೋದ ಹಾಗೆ. ನಮ್ಮ ಪೇಟೆಯಲ್ಲಿ ಹೀಗೆ ಬಿಟ್ಟರೆ ದುಡ್ಡು ಕೊಡುವುದಿಲ್ಲ, ಅನುಭವದಿಂದ ಹೇಳುತ್ತೇನೆ. ಅದಾದ ಮೇಲಿನ ಕೋಣೆಗಳನ್ನು ನಾನು ಬೇಗ ಮುಗಿಸಿದೆ. ಚೂಪು ಚೂಪು ಆಕೃತಿಗಳು, ಕಪ್ಪು, ಕಂದು. ಇಟಲಿಯಲ್ಲಿ ಇದ್ದಾಗ ಮಣ್ಣಿನ ಕೆಲಸವನ್ನೂ ಮಾಡಿದ. 1982ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡ. ಆ ಕೊನೆಯ ಚಿತ್ರಗಳು ಕೈಗೆ ಅಭ್ಯಾಸವಾದವನ ಚಿತ್ರ ಅನ್ನಿಸಿತು. ತಪ್ಪೂ ಇರಬಹುದು, ನನಗೆ ಹೊಟ್ಟೆಯೂ ಹಸಿದಿತ್ತು.

ಹೊರಡುವಾಗ ಟೋಕನ್ ಕೊಟ್ಟು ಕೋಟು ತೆಗೆದುಕೊಳ್ಳುವ ಸಾಲಿನಲ್ಲಿ ನಿಂತಿದ್ದೆವು. ಮಗಳು ಫೋನಿನಲ್ಲಿ ಏನೋ ಓದುತ್ತಾ ನಕ್ಕಳು. ಈ ಮ್ಯೂಸಿಯಂ ಆ ಕಾಡಿನ ಚಿತ್ರವನ್ನು 1945ರಲ್ಲೇ ಕೊಂಡಿತ್ತು. ಕೊಂಡು, ಬಹಳ ಕಾಲ ಒಳಗೆ ದೊಡ್ಡವರ ಚಿತ್ರಗಳ ಜೊತೆ ಹಾಕದೆ, ಹೊರಗೆ ಲಾಬಿಯಲ್ಲಿ, ಕೋಟು ಇಡುವ ಕೋಣೆಗೆ ಹೋಗುವ ದಾರಿಯಲ್ಲಿ ಹಾಕಿತ್ತು. 1988ರಲ್ಲಿ ಜಾನ್ ಯೌ ಎಂಬ ಕವಿ ಇದನ್ನೇ ಹಿಡಿದು ಒಂದು ಲೇಖನ ಬರೆದ. ದಯವಿಟ್ಟು ಕೋಟಿನ ಕೋಣೆಯ ಹತ್ತಿರ ಕಾಯಿರಿ ಅಂತ ಅದರ ಹೆಸರು.

"ಇಲ್ಲೇನಾ?" ಅಂತ ಮೊಮ್ಮಗ ಗೋಡೆ ನೋಡಿದ.

ಈಗ ಕಟ್ಟಡವೇ ಬದಲಾಗಿದೆ ಅಂದಳು ಅವಳು. ಆದರೂ ನಾವು ಮೂವರೂ ಖಾಲಿ ಗೋಡೆಯನ್ನು ಸ್ವಲ್ಪ ಹೊತ್ತು ನೋಡಿದೆವು. ನನಗೆ ಅದರಲ್ಲಿ ಬೇಸರದ ಜೊತೆ ಒಂದು ಸಣ್ಣ ಖುಷಿಯೂ ಆಯಿತು. ಬೋರ್ಡಿಗೆ ಅದು ಒಳ್ಳೆಯ ಜಾಗ ಅಲ್ವಾ. ಕೋಟು ಕೊಡಲಿಕ್ಕೆ, ತೆಗೆಯಲಿಕ್ಕೆ, ಎಲ್ಲರೂ ಎರಡು ಸಲ ನೋಡಲೇಬೇಕು.

ಊರಿಗೆ ಬಂದು ತಿಂಗಳಾಯಿತು. ಮೊನ್ನೆ ಪೇಟೆಯ ಸ್ಟೇಷನರಿ ಅಂಗಡಿಗೆ ಹೋಗಿ ಪುಸ್ತಕಕ್ಕೆ ಬೈಂಡು ಹಾಕುವ ಖಾಕಿ ಕಾಗದ ಕೇಳಿದೆ. ಹಾಳೆಯಲ್ಲ, ರೋಲೇ ಬೇಕು ಅಂದೆ.

"ಶಾಲೆ ಶುರುವಾಗಲಿಕ್ಕೆ ಜೂನ್ ಆಗಬೇಕಲ್ಲ ಮಾಸ್ಟ್ರೇ, ಈಗಲೇ ಎಂತಕ್ಕೆ?" ಅಂದರು ಅಂಗಡಿಯವರು.

ಮೊಮ್ಮಗನಿಗೆ ಅಂದೆ.

ರೋಲು ಜಗಲಿಯಲ್ಲಿ ಉಂಟು. ನಾಲ್ಕು ಅಡಿ ಬಿಚ್ಚಿ ಗೋಡೆಗೆ ಹೊಡೆದಿದ್ದೇನೆ. ಒಲೆಯಿಂದ ಇದ್ದಿಲೂ ತೆಗೆದಿಟ್ಟಾಯಿತು. ಎಳೆದದ್ದು ಇಷ್ಟರವರೆಗೆ ಒಂದೇ ಗೆರೆ, ಒಂದು ಪಾದದ್ದು. ದೊಡ್ಡದಾಯಿತಾ ಅಂತ ಹೆಂಡತಿಯನ್ನು ಕೇಳಿದೆ. ಯಾರ ಪಾದ ಅಂತ ಗೊತ್ತಾಗದೆ ಹೇಗೆ ಹೇಳುವುದು ಅಂದಳು. ಮಳೆ ಹಿಡಿಯುವ ಮೊದಲು ಮುಗಿಸಬೇಕು. ಆಮೇಲೆ ಕಾಗದಕ್ಕೆ ಬೂಸ್ಟು ಬರುತ್ತದೆ.